ಚಿಗವ್ವ ಇಟ್ಟ ಕಲ್ಲು

ನಮ್ಮ ಚಿಗವ್ವನಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಒಂದನ್ನು ಕಾಕ ಸ್ಟೀಲ್ ಚೊಂಬು ಬೀಸಿ ಉದುರಿಸಿದ್ದ, ಇನ್ನೊಂದನ್ನು ಮೊಣಕೈಯಿಂದ. ಹಲ್ಲು ಹೋದ ಹೆಂಗಸರು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದುಂಟು. ಚಿಗವ್ವ ಹಿಡಿಯುತ್ತಿರಲಿಲ್ಲ. ಒಸಡು, ಎಲೆಯಡಿಕೆಯಿಂದ ಕೆಂಪಾದ ನಾಲಿಗೆ ಎಲ್ಲವೂ ಕಾಣುವಂತೆ ನಗುತ್ತಿದ್ದಳು. ಎದುರಿಗಿದ್ದವರು ಮುಖ ತಿರುಗಿಸಿದರೆ, "ಬಾಗ್ಲಾ ತೆಗದಿಟ್ಟಾರ, ಒಳಗ ಏನೈತಿ ನೋಡ್ಕಂಡು ಹೋಗ್ರಿ" ಎನ್ನುತ್ತಿದ್ದಳು. ಬಂದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಕಾಕ ಅಂದರೆ ನಮ್ಮಪ್ಪನ ತಮ್ಮ, ಚಿಗವ್ವ ಅವನ ಹೆಂಡತಿ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಡಾಂಬರು ರಸ್ತೆಯ ಪಕ್ಕದಲ್ಲಿ ನಮ್ಮೂರು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಸಿಡಿದರೆ ಈ ಕಡೆ ಕೇಳುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ನಮ್ಮವ್ವ ಹೊಲ, ದನ ಎಂದು ಬೆಳಗಾಗುವುದರೊಳಗೆ ಹೊರಟುಬಿಡುತ್ತಿದ್ದುದರಿಂದ ನನ್ನ ತಲೆ ಬಾಚಿ, ಹೇನು ತೆಗೆದು, ಶಾಲೆಗೆ ಅಟ್ಟಿದವಳು ಚಿಗವ್ವ. ಮುದ್ದು ಮಾಡಿ ಬಾಚುತ್ತಿದ್ದಳು ಅಂದುಕೊಳ್ಳಬೇಡಿ. ಕಿವಿ ಹಿಡಿದು ತಲೆ ತಿರುಗಿಸಿ, ಕಣ್ಣಲ್ಲಿ ನೀರು ಬರುವಂತೆ ಜಡೆ ಎಳೆದು ಕಟ್ಟುತ್ತಿದ್ದಳು. ಅತ್ತರೆ, ಸಡಿಲ ಹಾಕಿದ ಜಡೆ ಮಧ್ಯಾಹ್ನಕ್ಕೆ ಬಿಚ್ಚುತ್ತದೆ, ಆಗ ಮಾಸ್ತರು ಬೈದರೆ ನಿನ್ನನ್ನಲ್ಲ ನನ್ನನ್ನು ಬೈದಂತೆ ಎನ್ನುತ್ತಿದ್ದಳು. ಅವಳ ಪ್ರೀತಿಯೆಲ್ಲ ಇದೇ ಜಾತಿಯದು. ಮೈಗೆ ಸ್ವಲ್ಪ ನೋವಾಗದೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಕಾಕ ಹಾಗಲ್ಲ. ಅವನು ಮೆತ್ತಗಿನ ಮನುಷ್ಯ. ಕುರಿ ಸಂತೆಗಳಲ್ಲಿ ದಲ್ಲಾಳಿ. ಕೊಡುವವನ ಕೈ, ಕೊಳ್ಳುವವನ ಕೈ, ಎರಡಕ್ಕೂ ಸರದಿಯಂತೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಮುಟ್ಟಿಯೇ ವ್ಯಾಪಾರ ಕುದುರಿಸಬೇಕು. ಬಾಯಿ ಬಿಡುವ ಹಾಗಿಲ್ಲ. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಅವನಿಗೆ ಮನೆಯಲ್ಲೂ ದನಿ ಏರಿಸುವುದು ಮರೆತುಹೋಗಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ತಾನೇ ಎದ್ದು ಹೋಗಿ ಉಪ್ಪಿನ ಡಬ್ಬಿ ತರುತ್ತಿದ್ದ.

ಪಿಯುಸಿ ಮುಗಿದ ಮೇಲೆ ಅಪ್ಪ ನನಗೆ ಗಂಡು ನೋಡಿಬಿಟ್ಟಿದ್ದರು. ಟೀಚರ್ ಟ್ರೈನಿಂಗ್ ಮಾಡುತ್ತೇನೆಂದು ನಾನು ಅತ್ತದ್ದು ಗೋಡೆಯಾಚೆ ಕೇಳಿಸಿತು. ಚಿಗವ್ವ ಉಣ್ಣುತ್ತಿದ್ದ ಕಾಕನನ್ನು ಎಬ್ಬಿಸಿ ಕಳಿಸಿದಳು. ಅವನು ಕೈ ತೊಳೆದು ಬಂದು ಅಪ್ಪನ ಪಕ್ಕ ಕೂತು, ಹೆಗಲ ಮೇಲಿನ ಟವೆಲ್ಲು ತೆಗೆದು ಅಪ್ಪನ ಕೈಮೇಲೆ ಹೊದಿಸಿ, ಒಳಗೆ ಎರಡು ಬೆರಳು ಹಿಡಿದ. ಅಪ್ಪ ಕೈ ಕೊಡವಿದರು. ಕಾಕ ಮತ್ತೆ ಹಿಡಿದ. ಒಂದು ಮಾತಿಲ್ಲ. ಕಡೆಗೆ ಅಪ್ಪ ನಕ್ಕುಬಿಟ್ಟರು. ಕಾಕ ಕೇಳಿದ್ದು ಟ್ರೈನಿಂಗಿನ ಎರಡು ವರ್ಷ. ನಾನು ಇವತ್ತು ಉಣ್ಣುವ ಅನ್ನ ಆ ಟವೆಲ್ಲಿನ ಅಡಿಯಲ್ಲಿ ಕುದುರಿದ್ದು. ಕಾಕನ ಬಗ್ಗೆ ಮುಂದೆ ಹೇಳುವುದನ್ನೆಲ್ಲ ಓದುವಾಗ ಇದೊಂದನ್ನು ನೀವು ಮರೆಯಬಾರದು. ಊರಿನವರು ಮರೆತರು.

ನಮ್ಮ ಕಡೆ ಕಣ ಮಾಡುವುದನ್ನು ಜನ ಆಗಲೇ ಬಿಟ್ಟಿದ್ದರು. ಸಗಣಿ ಸಾರಿಸಿ, ಎತ್ತು ಹೂಡಿ, ಕಲ್ಲುಗುಂಡು ಸುತ್ತಿಸುವ ಉಸಾಬರಿ ಯಾರಿಗೆ ಬೇಕು? ಸರ್ಕಾರ ಡಾಂಬರು ಹಾಕಿ ಕೊಟ್ಟಿದೆ, ಲಾರಿ ಬಸ್ಸಿನವರು ಪುಕ್ಕಟೆ ತುಳಿದು ಕೊಡುತ್ತಾರೆ. ಸುಗ್ಗಿ ಬಂತೆಂದರೆ ಹುರುಳಿ, ಸಜ್ಜೆ, ರಾಗಿ ಎಲ್ಲವೂ ರಸ್ತೆಯ ಮೇಲೆ. ಮೋಟರ್ ಸೈಕಲ್ಲಿನವರು ಅದರ ಮೇಲೆ ಜಾರಿ ಬಿದ್ದರೆ ನಗುತ್ತಿದ್ದೆವು, ಏಳಲಾರದವರನ್ನು ಮಾತ್ರ ಎತ್ತುತ್ತಿದ್ದೆವು. ಒಕ್ಕಿದ ಕಾಳನ್ನು ರಸ್ತೆಯ ಅಂಚಿಗೆ ರಾಶಿ ಮಾಡಿದ ಮೇಲೆ ಅದರ ಮೇಲೆ ಗಾಡಿ ಹಾಯದಂತೆ ಸುತ್ತಲೂ ತಲೆಯಷ್ಟು ದೊಡ್ಡ ಕಲ್ಲು ಇಡುವುದು ಪದ್ಧತಿ. ಕಾಳು ಮನೆಗೆ ಬಂದ ಮೇಲೂ ಎಷ್ಟೋ ಕಲ್ಲು ಅಲ್ಲೇ ಉಳಿಯುತ್ತಿದ್ದವು. ತೆಗೆಯಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಟ್ರೈನಿಂಗ್ ಮುಗಿದು, ನೌಕರಿಯ ಆದೇಶಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಕಾಕ ಹರಪನಹಳ್ಳಿ ಕಡೆಯ ಸಂತೆಗೆ ಮೊಪೆಡ್ಡಿನ ಮೇಲೆ ಹೋಗಿದ್ದ. ಚಿಗವ್ವ ಆವತ್ತು ಹುರುಳಿ ಒಕ್ಕಿದಳು. ಮಧ್ಯಾಹ್ನದ ಮೇಲೆ ಗಾಳಿ ಬಿದ್ದುಹೋಗಿ ತೂರುವುದು ಅರ್ಧಕ್ಕೆ ನಿಂತಿತು. ರಾಶಿಯ ಮೇಲೆ ತಾಡಪಾಲು ಹೊದಿಸಿ, ರಸ್ತೆಯ ಬದಿಗೆ ಸಾಲಾಗಿ ಕಲ್ಲಿಟ್ಟು, ಎಮ್ಮೆಯ ಹಾಲು ಕರೆದು ಬಂಡಿ ತರುತ್ತೇನೆಂದು ಮನೆಗೆ ಬಂದಳು. ಹೊತ್ತು ಮುಳುಗುತ್ತಿತ್ತು. ಸಂತೆಯಿಂದ ಮರಳುತ್ತಿದ್ದ ಕಾಕನ ಕಣ್ಣಿಗೆ ಎದುರಿಗೆ ಬಂದ ಲಾರಿಯ ಬೆಳಕು ಹೊಡೆದಿರಬೇಕು. ತಲೆಗೆ ಅವನು ಕಟ್ಟುತ್ತಿದ್ದದ್ದು ಟವೆಲ್ಲು. ಮೊಪೆಡ್ಡು ಕಲ್ಲಿಗೆ ಬಡಿಯಿತು, ತಲೆ ಡಾಂಬರಿಗೆ ಬಡಿಯಿತು.

ಬಂಡಿ ಹೊಡೆದುಕೊಂಡು ಬಂದ ಚಿಗವ್ವನಿಗೆ ರಾಶಿಯ ಸುತ್ತ ಜನ ಕಂಡರು. ಅವಳು ದೂರದಿಂದಲೇ ಕೂಗಿದ್ದು, "ಯಾರ್ರೀ ನನ್ನ ರಾಶಿ ಮುಟ್ಟಾವ್ರು?" ಎಂದು. ಹತ್ತಿರ ಬಂದು ಮೊದಲು ತಾಡಪಾಲು ಎತ್ತಿ ಕಾಳು ನೋಡಿದಳು, ಆಮೇಲೆ ಮನುಷ್ಯನನ್ನು ನೋಡಿದಳು. ಇದನ್ನು ನನಗೆ ಹೇಳಿದವಳು ಅವಳೇ. ಹಾಗೆ ನೋಡಿದ್ದನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಹೇಳದೆ ಇದ್ದಿದ್ದರೆ ನಡೆಯುತ್ತಿತ್ತು.

ಆಮೇಲಿನದರಲ್ಲಿ ನಾವು ಉಳಿದವರೂ ಕೈ ಹಾಕಿದೆವು. ಎಚ್ಚರವಿಲ್ಲದವನ ಬಾಯಿಗೆ ಅಪ್ಪ ನೀರು ಹುಯ್ದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ, ಅವನನ್ನು ಕೂರಿಸಿ ಹಿಡಿದುಕೊಂಡು ಕೂಡ್ಲಿಗಿಗೆ ಒಯ್ದೆವು. ಕತ್ತು ಅತ್ತಿತ್ತ ಹೊರಳಾಡುತ್ತಿತ್ತು. ಅಲ್ಲಿ ಬ್ಯಾಂಡೇಜು ಸುತ್ತಿ ದಾವಣಗೆರೆಗೆ ಬರೆದುಕೊಟ್ಟರು. ಪೊಲೀಸರು ಬಂದು ವಿಚಾರಿಸಿದಾಗ ಊರಿಗೂರೇ ಒಂದೇ ಮಾತು ಹೇಳಿತು: ನಾಯಿ ಅಡ್ಡ ಬಂತು. ಕಲ್ಲು ಅಂದರೆ ಚಿಗವ್ವನ ಮೇಲೆ ಕೇಸಾಗುತ್ತದೆ, ನಾಳೆಯಿಂದ ಎಲ್ಲರ ಒಕ್ಕಣೆಗೂ ಕುತ್ತು. ಆ ಹುರುಳಿಯನ್ನು ಏನು ಮಾಡಿದಿರಿ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ರಕ್ತ ತೊಳೆದು, ಒಣಗಿಸಿ, ತಿಂದೆವು.

ದಾವಣಗೆರೆಯ ಡಾಕ್ಟರು ಹರೆಯದವರು, ದಣಿದವರು. ಬಿದ್ದ ಏಟು ಒಂದು, ಬಿದ್ದ ಮೇಲೆ ಆಗುವುದು ಇನ್ನೊಂದು ಎಂದು ವಿವರಿಸಿದರು. ಒಳಗೆ ರಕ್ತ ಹೆಪ್ಪುಗಟ್ಟಿತ್ತು, ಮಿದುಳು ಊದಿಕೊಳ್ಳುತ್ತಿತ್ತು. ಬುರುಡೆ ಗಡಿಗೆಯಂತೆ, ತಾನು ಹಿಗ್ಗುವುದಿಲ್ಲ, ಒಳಗಿನದನ್ನೇ ಹಿಂಡುತ್ತದೆ. ಆಪರೇಶನ್ ಮಾಡಿ ಹೆಪ್ಪು ತೆಗೆದರು. ಊದಿದ ಮಿದುಳಿಗೆ ಜಾಗ ಬೇಕೆಂದು ಬುರುಡೆಯ ಒಂದು ತುಂಡನ್ನೇ ಬಿಚ್ಚಿ, ಅದು ಕೆಡದಿರಲೆಂದು ಕಾಕನ ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದರು. ಆರು ತಿಂಗಳು ಬಿಟ್ಟು ಬಂದರೆ ಮತ್ತೆ ತಲೆಗೆ ಕೂರಿಸುತ್ತೇವೆ ಎಂದರು. ಕೂರಿಸುವುದು ಕಡೆಗೂ ಆಗಲಿಲ್ಲ. ಊರಿಗೆ ಬಂದ ಮೇಲೆ ಅವನು ಗಾಡಿ ಹತ್ತಲು ಒಪ್ಪಲೇ ಇಲ್ಲ. ಹೊತ್ತು ಹಾಕಲು ಹೋದವರನ್ನು ಕಚ್ಚಿದ. ತಲೆಯ ಬಲಗಡೆ ತಗ್ಗು ಬಿದ್ದ ಒಂದು ಕುಣಿ, ಹೊಟ್ಟೆಯಲ್ಲಿ ಒಂದು ಎಲುಬು ಇಟ್ಟುಕೊಂಡೇ ಕಾಕ ಉಳಿದ ಆಯುಷ್ಯ ಕಳೆದ.

ಬಾಯಿಗೆ ನೀರು ಹಾಕಿದ್ದು ಯಾರು ಎಂದೂ ಡಾಕ್ಟರು ಕೇಳಿದರು. ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು, ಮಿದುಳಿಗೆ ಹೋಗಬೇಕಾದ ಉಸಿರು ಹೋಗಿರಲಿಲ್ಲ. ಅಪ್ಪ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ಹಾಕಿದವರು ಯಾರೆಂದು ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಐಸಿಯುವಿನೊಳಗೆ ಒಬ್ಬರನ್ನೇ ಬಿಡುತ್ತಿದ್ದರು. ಚಿಗವ್ವನಿಗೆ ನರ್ಸಿನ ಮಾತು ಅರ್ಥವಾಗದೆಂದು ನನ್ನನ್ನೂ ಬಿಟ್ಟರು. ಕಾಕನ ಗಂಟಲಿಗೆ ಕೊಳವೆ ಹಾಕಿದ್ದರು, ಉಸಿರನ್ನು ಮಿಶನ್ನು ಆಡಿಸುತ್ತಿತ್ತು. ಡಾಕ್ಟರು ಎದೆಯ ನಡುವೆ ಬೆರಳಗೆಣ್ಣು ಒತ್ತಿ ಉಜ್ಜುತ್ತಿದ್ದರು, ಹೆಗಲು ಚಿವುಟುತ್ತಿದ್ದರು. ನೋವಿಗೆ ಕೈ ಎಳೆದುಕೊಳ್ಳುತ್ತಾನೋ ನೋಡಬೇಕಿತ್ತಂತೆ. ಬಿದ್ದವನನ್ನು ಚಿವುಟುವುದು ಯಾವ ಊರಿನ ವೈದ್ಯ ಎಂದು ಚಿಗವ್ವ ಕೇಳಿದಳು. ನಾನು ಅದನ್ನು ಡಾಕ್ಟರಿಗೆ ದಾಟಿಸಲಿಲ್ಲ.

ಮಿಶನ್ನು ತೆಗೆದ ಮೇಲೂ ಅವನು ಕಣ್ಣು ತೆರೆಯಲಿಲ್ಲ. ಪರಿಚಯದ ದನಿ ಕೇಳಿದರೆ ತೆರೆಯಬಹುದು, ಹೆಸರು ಹಿಡಿದು ಜೋರಾಗಿ ಕರೆಯಿರಿ ಎಂದು ನರ್ಸು ಚಿಗವ್ವನಿಗೆ ಹೇಳಿದಳು. ಚಿಗವ್ವ ಬಗ್ಗಿ, "ಏನ್ರೀ, ಇಲ್ನೋಡ್ರಿ" ಎಂದಳು. ನರ್ಸು ಹಣೆ ಚಚ್ಚಿಕೊಂಡಳು. ಏನ್ರೀ ಎಂದರೆ ಈ ವಾರ್ಡಿನಲ್ಲಿ ಮಲಗಿದವರೆಲ್ಲ ಏನ್ರೀಗಳೇ, ಹೆಸರು ಹೇಳಮ್ಮ ಎಂದಳು. ಚಿಗವ್ವ ಗಂಡನ ಹೆಸರನ್ನು ಹುಟ್ಟಿದಾರಭ್ಯ ಬಾಯಲ್ಲಿ ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಇಲ್ಲಿ ಹಿಡಿಯದಿದ್ದರೆ ಕಡಿಮೆಯಾಗುತ್ತದೆ ಎಂದು ನಾನು ಗದರಿದೆ.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವಳು ಅವನ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದಳು. ಏನೂ ಆಗಲಿಲ್ಲ. ಜೋರಾಗಿ ಹೇಳಿದಳು. ಪಕ್ಕದ ಮಂಚದವನು ಹೊರಳಿದ, ಕಾಕ ಹೊರಳಲಿಲ್ಲ. ಆಗ ಅವಳು ಯಾರೂ ಹೇಳಿಕೊಡದ ಇನ್ನೊಂದು ಮಾತನ್ನು ಅದೇ ಕಿವಿಯಲ್ಲಿ ಹೇಳಿದಳು.

"ಕಲ್ಲು ಇಟ್ಟಾಕಿ ನಾನ ರೀ. ಏಳ್ರಿ, ಎದ್ದು ಏನರ ಅನ್ರಿ ನನಗ."

ಕೆಲವು ದಿನಗಳಾದ ಮೇಲೆ ಕಾಕ ಕಣ್ಣು ತೆರೆದ. ಹೆಂಡತಿಯ ಕೂಗಿಗಲ್ಲ, ಕಸ ಹೊಡೆಯುವವಳ ಬಕೆಟ್ಟು ನೆಲಕ್ಕೆ ಬಿದ್ದ ಸದ್ದಿಗೆ. ಮನೆಗೆ ಕಳಿಸುವಾಗ ಡಾಕ್ಟರು ಚಿಗವ್ವನನ್ನು ಕೂರಿಸಿ, "ನಿಮ್ಮೆಜಮಾನ್ರು ಉಳಿದಿದಾರೆ. ಮೊದಲಿನ ಮನುಷ್ಯ ವಾಪಸ್ ಬರ್ತಾರೆ ಅಂತ ನಾನು ಹೇಳಲ್ಲ" ಎಂದರು. ಚಿಗವ್ವ ಉಳಿದಿದ್ದಾರೆ ಎನ್ನುವುದನ್ನಷ್ಟೇ ಕೇಳಿಸಿಕೊಂಡು ಅವರ ಕಾಲು ಮುಟ್ಟಿದಳು.

ಮೊದಲಿನ ಮನುಷ್ಯ ಬರಲಿಲ್ಲ. ಎಡಗೈ, ಎಡಗಾಲು ಸೋತಿದ್ದವು. ಬಲಗೈ ಮಾತ್ರ ಗಟ್ಟಿ, ಅದೇ ಚಿಗವ್ವನ ದುರ್ದೈವ. ವಾಸನೆ ತಿಳಿಯುತ್ತಿರಲಿಲ್ಲ. ಹೊಟ್ಟೆ ತುಂಬಿದ್ದು ಗೊತ್ತಾಗುತ್ತಿರಲಿಲ್ಲ. ಆಗಾಗ ಮೂರ್ಛೆ ಬಂದು ಬೀಳುತ್ತಿದ್ದ, ಊರವರು ಓಡಿ ಬಂದು ಕೈಯಲ್ಲಿ ಬೀಗದ ಕೈ ಗೊಂಚಲು ತುರುಕುತ್ತಿದ್ದರು. ಬಾಯಿ ಎಂಥ ಹೊಲಸು ಬಾಯಿಯಾಯಿತೆಂದರೆ, ಟವೆಲ್ಲಿನ ಅಡಿಯಲ್ಲಿ ಬಾಳುವೆ ಮಾಡಿದವನು ಈಗ ರಸ್ತೆಯಲ್ಲಿ ಹೋಗುವ ಹೆಣ್ಣುಮಕ್ಕಳ ಮೈಮೇಲೆ ಮಾತಾಡುತ್ತಿದ್ದ. ಯಾರೋ ಗಾಳಿ ಎಂದರು. ಯಾರೋ ಕುರಿಗಳ ಶಾಪ ಎಂದರು. ಒಳಗಿದ್ದದ್ದು ಈಗ ಹೊರಗೆ ಬಂದಿದೆ, ಮೊದಲಿನದು ನಾಟಕ ಎಂದವರೂ ಇದ್ದರು. ಆ ಮಾತು ಕೇಳಿದಾಗ ಮಾತ್ರ ನನಗೆ ಮೈ ಉರಿಯುತ್ತಿತ್ತು. ಬಾವಿಕಟ್ಟೆಯ ಹೆಂಗಸರು ಚಿಗವ್ವನಿಗೆ ಗಂಡನ ತಲೆ ಒಡೆದವಳು ಎಂದು ಹೆಸರಿಟ್ಟಿದ್ದರು. ಮರುವರ್ಷ ಅದೇ ಜಾಗದಲ್ಲಿ ಅವರೇ ತಮ್ಮ ಹುರುಳಿ ಹರವಿ ತಮ್ಮ ಕಲ್ಲು ಇಟ್ಟರು. ನೀನಾದರೂ ಹೋಗಿ ಹೇಳು ಎಂದರೆ ಚಿಗವ್ವ, "ನನ್ನ ಕಲ್ಲು ನನಗ ಸಾಕಾಗೈತವ್ವ" ಎಂದಳು.

ಅವನಿಗೆ ನೆನಪು ನಿಲ್ಲುತ್ತಿರಲಿಲ್ಲ. ಹಳೆಯದೆಲ್ಲ ಇತ್ತು, ಬಿದ್ದ ಮೇಲಿನದು ಇರಲಿಲ್ಲ. ಬೆಳಗ್ಗೆ ಚಿಗವ್ವ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಮುಖ ತೊಳೆಸುತ್ತಿದ್ದಳು. ನೀರು ತಾಗಿದ ಕೂಡಲೇ ಅವನ ಕೈ ತಲೆಯ ಕುಣಿಗೆ ಹೋಗುತ್ತಿತ್ತು. ಇದೇನಲೇ ಇಲ್ಲಿ ಕುಣಿ ಬಿದ್ದೈತಿ ಎಂದು ಕೇಳುತ್ತಿದ್ದ. ಗಾಡಿ ಮೇಲಿಂದ ಬಿದ್ದಿರಿ ಎನ್ನುತ್ತಿದ್ದಳು. ಯಾಕೆ ಬಿದ್ದೆ? ಕಲ್ಲಿಗೆ ಬಡಿದು. ಯಾರ ಕಲ್ಲು?

"ನಾನ ಇಟ್ಟಿದ್ದೆರಿ. ಹುರುಳಿ ರಾಶಿಗೆ."

ಆಮೇಲೆ ಏಟು. ಇಲ್ಲವೇ ಬೈಗುಳ, ಇಲ್ಲವೇ ತಂಬಿಗೆ ಗೋಡೆಗೆ. ಮೊದಲ ಹಲ್ಲು ಹೋದದ್ದು ಹೀಗೆ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಎಲ್ಲ ಮರೆತಿರುತ್ತಿತ್ತು. ಮಾರನೆಯ ದಿನ ಮುಖ ತೊಳೆಸುವಾಗ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಗೋಡೆಯಾಚೆ ನಾವು ಚಹಾ ಕುಡಿಯುತ್ತ ಅದನ್ನು ಕೇಳುತ್ತಿದ್ದೆವು.

ನಾಯಿ ಅಡ್ಡ ಬಂತು ಎಂದು ಹೇಳು ಎಂದು ಅಪ್ಪ ಎಷ್ಟೋ ಸಲ ಹೇಳಿದರು. ಪೊಲೀಸರಿಗೇ ಹೇಳಿದ ಮಾತು, ಗಂಡನಿಗೆ ಹೇಳಿದರೆ ಏನು ಹೋಗುತ್ತದೆ? ನಾಳೆಗೆ ನೆನಪೇ ಇರದವನಿಗೆ ನಿಜ ಹೇಳಿ ಯಾರಿಗೆ ಲಾಭ? ಚಿಗವ್ವ ಒಪ್ಪಲಿಲ್ಲ. "ತಲಿ ಅವರದು ಬಾವ. ಅದಕ್ಕ ಏನಾತಂತ ಕೇಳ್ತಾರ. ಹೇಳಬೇಕಲ್ಲ" ಎಂದಳು. ಮೊಂಡುತನ ಎಂದು ಅಪ್ಪ ಎದ್ದುಹೋದರು. ನಾನೂ ಮೊಂಡುತನವೆಂದೇ ತಿಳಿದಿದ್ದೆ.

ಹಾಗಲ್ಲವೆಂದು ಗೊತ್ತಾದದ್ದು ಒಂದು ಬೆಳಗ್ಗೆ. ನಾನು ಅವರ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದೆ. ಮಳೆ ಬಂದು ಹೋಗಿ ತಂಪಾಗಿತ್ತು, ಕಾಕ ಹಗುರಾಗಿದ್ದ. ಕುಣಿ ಮುಟ್ಟಿ ಕೇಳಿದ, ಅವಳು ಹೇಳಿದಳು. ಹೇಳಿ, ಏಟಿಗೆ ಮುಖ ಓರೆ ಮಾಡಿ ಕಣ್ಣು ಮುಚ್ಚಿಕೊಂಡಳು. ಅವನು ಹೊಡೆಯಲಿಲ್ಲ. ಮೊದಲಿನ ಕಾಕನ ದನಿಯಲ್ಲಿ, "ಹೋಗ್ಲಿ ಬಿಡು. ಬೇಕಂತ ಇಟ್ಟಿಯೇನು" ಎಂದ.

ಚಿಗವ್ವ ಅವನ ಮುಖ ಒರೆಸುವುದನ್ನು ಬಿಟ್ಟು ಹಿತ್ತಲಿಗೆ ಹೋಗಿ ಅತ್ತಳು. ಹೀಗೆ ಆಗುವುದು ಅಪರೂಪ, ಮಳೆಗಾಲಕ್ಕೊಮ್ಮೆ ಇದ್ದರೆ ಹೆಚ್ಚು ಎಂದು ಆಮೇಲೆ ಹೇಳಿದಳು. ಮರುದಿನ ಅದೂ ಅಳಿಸಿಹೋಗಿ ಅವನು ಹೊಸದಾಗಿ ಕೇಳುತ್ತಿದ್ದ, ಹೊಸದಾಗಿ ಹೊಡೆಯುತ್ತಿದ್ದ. ಅವಳು ನಿಜ ಹೇಳುತ್ತಿದ್ದದ್ದು ಆ ಒಂದು ಮಾತಿಗೆ. ನಾಯಿ ಎಂದರೆ ಅವನು ಬಿಡು ಎನ್ನಬೇಕಾದದ್ದು ನಾಯಿಗೆ. ಅವಳಿಗೆ ಬೇಕಿದ್ದದ್ದು ಅವನು ತನಗೆ ಬಿಡು ಎನ್ನುವುದು, ಅಂದದ್ದು ಅವನ ತಲೆಯಲ್ಲಿ ಒಂದು ದಿನವಾದರೂ ನಿಲ್ಲುವುದು.

ನನಗೆ ಹಡಗಲಿ ತಾಲೂಕಿನ ಹಳ್ಳಿಯೊಂದರಲ್ಲಿ ನೌಕರಿಯಾಯಿತು. ಮದುವೆಯೂ ಆಯಿತು. ರಜೆಗೆ ಬಂದಾಗ ನೋಡುತ್ತಿದ್ದೆ: ಚಿಗವ್ವ ಸಣ್ಣಗಾಗುತ್ತಿದ್ದಳು, ಕಾಕ ದಪ್ಪಗಾಗುತ್ತಿದ್ದ. ಮಾತ್ರೆ ತರಲು ದಾವಣಗೆರೆಗೆ ನಾನೇ ಹೋಗುತ್ತಿದ್ದೆ. ಅವಳಿಗೆ ಬೆಳಗಿನ ಉತ್ತರ ತಪ್ಪಿಸಿ ಹೋಗಲು ಆಗುತ್ತಿರಲಿಲ್ಲ.

ಒಂದು ದಸರಾ ರಜೆಯಲ್ಲಿ ಬಂದಾಗ ಅವಳ ದವಡೆ ಊದಿ ಬಾಯಿ ತೆರೆಯಲಾಗುತ್ತಿರಲಿಲ್ಲ. ಹಿಂದಿನ ದಿನ ಮೊಣಕೈ ಬಡಿದು ಎರಡನೆಯ ಹಲ್ಲು ಹೋಗಿತ್ತು. ಈ ಸಲ ಅಪ್ಪ ಬೇಡಿಕೊಳ್ಳಲಿಲ್ಲ, ಅಪ್ಪಣೆ ಮಾಡಿದರು. ನಾಳೆ ನಾಯಿ ಎನ್ನದಿದ್ದರೆ ಅವನನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕುತ್ತೇನೆ ಎಂದರು. ನಾನೂ ಅವರ ಜೊತೆ ಸೇರಿಕೊಂಡೆ. ಚಿಗವ್ವನಿಗೆ ಜ್ವರವಿತ್ತು. ತಲೆಯಾಡಿಸಿದಳು.

ಬೆಳಗ್ಗೆ ನಾನು ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಕಾಕ ಕುಣಿ ಮುಟ್ಟಿದ, ಕೇಳಿದ. ಯಾಕ ಬಿದ್ನಿ ಎಂದ.

ಚಿಗವ್ವ ನೆಲ ನೋಡುತ್ತ, "ನಾಯಿ ಅಡ್ಡ ಬಂತ್ರಿ" ಎಂದಳು.

ಕಾಕ ಅವಳನ್ನು ನೋಡಿದ. ಆಮೇಲೆ ನಕ್ಕ. ಸಂತೆಯಲ್ಲಿ ಎದುರಿಗಿದ್ದವನ ಆಟ ತಿಳಿದಾಗ ದಲ್ಲಾಳಿಗಳು ನಗುವ ನಗೆ ಅದು.

"ನಿನ್ನಿ ಕಲ್ಲು ಅಂದಿದ್ಯಲ್ಲಲೇ. ಮೊನ್ನೀನೂ ಕಲ್ಲ ಅಂದಿ. ನೀನ ಇಟ್ಟಾಕಿ."

ಚಿಗವ್ವ ಬಹಳ ಮೆಲ್ಲಗೆ, ಹಾಗಾದರೆ ನಿಮಗೆ ನೆನಪಿದೆಯೇ, ಗೊತ್ತಿದ್ದೂ ದಿನಾ ಕೇಳುತ್ತಿದ್ದಿರಾ ಎಂದು ಕೇಳಿದಳು.

"ಗೊತ್ತೈತಿ. ನೀ ಹೇಳೂದು ಕೇಳಾಕ ಚಲೋ ಅನಸ್ತೈತಿ."

ಎಂದಿನಿಂದ ಗೊತ್ತಿತ್ತೋ ಅವನೂ ಹೇಳಲಾರ, ನಮಗೂ ತಿಳಿಯದು. ತಿಂಗಳೋ, ವರ್ಷವೋ. ಚಿಗವ್ವ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಸೆ ಇತ್ತು. ಅದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ. ಇಷ್ಟು ನೆನಪಿನಲ್ಲಿ ನಿಂತಿದ್ದರೆ ಅದೂ ನಿಂತಿರಬೇಕಲ್ಲ ಎಂದು ಅವಳಿಗೆ ಅನ್ನಿಸಿತ್ತು.

"ಹಂಗಾರ ಹೋಗ್ಲಿ ಬಿಡು ಅಂದಿದ್ದು? ಅದು ನೆನಪೈತೇನ್ರಿ?"

ಕಾಕ ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದ. ಶಾಲೆಯಲ್ಲಿ ಲೆಕ್ಕ ಬರದ ಹುಡುಗರು ಯೋಚಿಸುವ ಹಾಗೆ.

"ನಾನ್ಯಾವಾಗ ಅಂದ್ನಿ?"

ಮಾತ್ರೆಗೆಂದು ಹೋದಾಗ ಇದನ್ನು ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಇಂಥ ಮಿದುಳಿನಲ್ಲಿ ಒಮ್ಮೆ ಆಡಿದ್ದು ನಿಲ್ಲುವುದಿಲ್ಲ, ದಿನದಿನವೂ ಅದೇ ಹೊತ್ತಿಗೆ ಅದೇ ಮಾತು ಬಿದ್ದರೆ ನಿಧಾನವಾಗಿ ಅಚ್ಚಾಗಬಹುದು ಎಂದರು. ನೋಯಿಸಿ ಖುಷಿಪಡುವುದೂ ಗಾಯದ್ದೇ ಕೆಲಸ. ಮಿದುಳಿನ ಮುಂಭಾಗ ಮೂಗುದಾರ ಇದ್ದ ಹಾಗೆ, ಅದು ಹರಿದಿದೆ ಎಂದರು. ಅಂದರೆ ಚಿಗವ್ವ ವರ್ಷಗಟ್ಟಲೆ ನಿಜ ಹೇಳಿ ಹೇಳಿ, ಏಟು ತಿಂದು ತಿಂದು, ತನ್ನ ತಪ್ಪನ್ನು ತಾನೇ ಅವನ ತಲೆಯಲ್ಲಿ ಕೆತ್ತಿಟ್ಟಿದ್ದಳು. ಕ್ಷಮೆ ಅಪರೂಪಕ್ಕೆ ಬಂದದ್ದರಿಂದ ಉಳಿಯಲಿಲ್ಲ. ಇದನ್ನು ಅವಳಿಗೆ ಹೇಳಬಾರದಿತ್ತೇನೋ. ಹೇಳಿದೆ, ಅವಳು ನನಗೆ ಎಂದೂ ಏನನ್ನೂ ಮುಚ್ಚಿಟ್ಟವಳಲ್ಲ.

ಅವಳು ಅದರಲ್ಲೂ ಒಂದು ದಾರಿ ಕಂಡುಕೊಂಡಳು. ದಿನಾ ಆಡಿದರೆ ನಿಲ್ಲುವುದಾದರೆ, ಆ ಮಾತನ್ನೂ ದಿನಾ ಆಡಿಸಬೇಕು. ಬೆಳಗಿನ ಪ್ರಶ್ನೆ ಮುಗಿದು, ನಾನ ಇಟ್ಟಿದ್ದೆರಿ ಎಂದು ಹೇಳಿ, ಏಟು ತಿಂದಾದ ಮೇಲೆ, "ಈಗ ಬಿಡು ಅನ್ರಿ. ಒಮ್ಮೆ ಅನ್ರಿ" ಎನ್ನುತ್ತಿದ್ದಳು. ಮಗುವಿಗೆ ಮಾತು ಕಲಿಸುವಂತೆ ಗಲ್ಲ ಹಿಡಿದು ಹೇಳಿಸಲು ನೋಡುತ್ತಿದ್ದಳು. ಬೆಲ್ಲದ ಚೂರು ಅಂಗೈಯಲ್ಲಿಟ್ಟು ತೋರಿಸುತ್ತಿದ್ದಳು. ಅವಳಿಗೆ ಏನು ಬೇಕಾಗಿದೆಯೆಂದು ಕಾಕನಿಗೆ ತಿಳಿಯಿತು. ತಿಳಿದ ಮೇಲೆ ಅದೊಂದನ್ನು ಅವನು ಕೊಡಲಿಲ್ಲ. ಬೆಲ್ಲ ಕಿತ್ತುಕೊಂಡು ತಿಂದು ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ನಗುತ್ತಿದ್ದ. ಮಳೆಗಾಲಕ್ಕೊಮ್ಮೆ ತಾನಾಗಿ ಬರುತ್ತಿದ್ದ ಮಾತು, ಅವಳು ಬೇಡಲು ಶುರುಮಾಡಿದ ಮೇಲೆ ಬರುವುದೇ ನಿಂತಿತು.

ಒಂದು ಬೇಸಿಗೆಯಲ್ಲಿ ಮೂರ್ಛೆ ಬಂದವನಿಗೆ ಮತ್ತೆ ಎಚ್ಚರವಾಗಲೇ ಇಲ್ಲ. ಟೆಂಪೋದಲ್ಲಿ ಕೂಡ್ಲಿಗಿಗೆ ಒಯ್ಯುವಾಗ ದಾರಿಯಲ್ಲೇ ಕಾಕ ತೀರಿಕೊಂಡ. ಆವತ್ತಿನ ಬೆಳಗ್ಗೆಯೂ ಅವನು ಕೇಳಿದ್ದ, ಅವಳು ಹೇಳಿದ್ದಳು. ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಅವಳಿಗೆ, ಅಂತೂ ಬಿಡುಗಡೆಯಾಯಿತಲ್ಲ ಎಂದು ಸಮಾಧಾನ ಹೇಳಿದರು. ಗಂಡನ ತಲೆ ಒಡೆದವಳು ಎಂದು ಹೆಸರಿಟ್ಟ ಬಾಯಿಗಳೇ ಅವು.

ಆಮೇಲೆ ಚಿಗವ್ವ ಬಹಳ ವರ್ಷ ಇರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು; ಆಸ್ಪತ್ರೆಗೆ ಬರುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ್ದಳು. ಕೊನೆಯ ಸಲ ನೋಡಲು ಹೋದಾಗ ನಾನೇ ಅವಳ ತಲೆ ಬಾಚಿದೆ. ಸಡಿಲ ಹಾಕಿದೆಯೆಂದು ಬೈದಳು. ಬಿಚ್ಚಿ ಗಟ್ಟಿಯಾಗಿ ಕಟ್ಟಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕಾಕನ ಮಾತು ತೆಗೆದಳು. ಅವನ ಏಟಿನ ಬಗ್ಗೆ ಒಂದು ಅಕ್ಷರವಿಲ್ಲ. ಬಿಡು ಅಂದದ್ದು ನಾಲ್ಕೈದು ಸಲವಾದರೂ ಇರಬೇಕು ಎಂದು ಲೆಕ್ಕ ಹಾಕಿದಳು. ಅಂದವರಿಗೇ ನೆನಪಿಲ್ಲ ಎಂದ ಮೇಲೆ ಅದು ಅಂದಂತೆಯೋ ಅಲ್ಲವೋ ಎಂದು ನನ್ನನ್ನು ಕೇಳಿದಳು. ಓದಿದವಳು ನೀನು, ಹೇಳು ಎಂದಳು.

ನನ್ನ ಹತ್ತಿರ ಒಂದು ಉತ್ತರ ಇದೆ ಎಂದು ನಾನು ಅಂದುಕೊಂಡಿದ್ದೆ. ಎಷ್ಟೋ ದಿನದಿಂದ ಕಾದಿಟ್ಟುಕೊಂಡಿದ್ದೆ ಕೂಡ. ಅವಳ ಕೈ ಹಿಡಿದು ಹೇಳಿದೆ:

"ಅಂದಂಗ ಆತು ಚಿಗವ್ವ. ಆವತ್ತು ನಾನೂ ಕಟ್ಟಿ ಮ್ಯಾಲೆ ಇದ್ನಲ್ಲ. ನನ್ನ ಕಿವಿಲೆ ಕೇಳೀನಿ, ಕಾಕ ಬಿಡು ಅಂದಾನ."

ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ನೀ ಕೇಳಿದ್ರ ಏನು ಬಂತವ್ವ. ಅಂದಿದ್ದು ಅವರಿಗೆ ಕೇಳಿಸಬೇಕಿತ್ತು."